ಉತ್ತರ ಬಾರದ ಒಂದು ಪತ್ರ: ಮಾರ್ಟಿನ್ ಬೂಬರ್ ಮತ್ತು ಗಾಂಧೀಜಿ



ಒಂಬತ್ತನೇ ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಇಬ್ಬರು ಹುಡುಗರ ನಡುವೆ ಪೆನ್ನಿನ ವಿಷಯಕ್ಕೆ ಜಗಳ. ಪೆನ್ನು ಕೊಡದವನನ್ನು ಮತ್ತೊಬ್ಬ, 'ಪೂರಾ ಯಹೂದಿ ಹೈ ರೇ ತೂ' ಎಂದು ಬೈದ. ತರಗತಿಯೆಲ್ಲ ನಕ್ಕಿತು. ನಾನು ಪಾಠ ನಿಲ್ಲಿಸಿ ಕೇಳಿದೆ: 'ನಿಮ್ಮಲ್ಲಿ ಎಷ್ಟು ಜನ ಯಹೂದಿಯನ್ನು ನೋಡಿದ್ದೀರಿ?' ಒಂದು ಕೈಯೂ ಮೇಲೇಳಲಿಲ್ಲ. 'ಒಬ್ಬ ಯಹೂದಿಯ ಹೆಸರು ಹೇಳಿ' ಎಂದೆ. ಇಸ್ರೇಲಿನ ಪ್ರಧಾನಿಯ ಹೆಸರು ಬಂತು. 'ಇನ್ನೊಬ್ಬರು?' ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಮೆಲ್ಲಗೆ, 'ಹಜ್ರತ್ ಮೂಸಾ ಅಲೈಹಿಸ್ಸಲಾಂ ಅವರ ಕೌಮು ಅಲ್ವಾ ಸರ್?' ಎಂದಳು. ತರಗತಿ ಸುಮ್ಮನಾಯಿತು.

ಮಕ್ಕಳದ್ದೇ ತಪ್ಪು ಎನ್ನಲಾರೆ. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ನಡೆದ ದಾಳಿಯಲ್ಲಿ ಸುಮಾರು 1200 ಜನ ಸತ್ತರು. ಅದರ ಹಿಂದೆಯೇ ಆರಂಭವಾದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ, ಅವರಲ್ಲಿ ಹಸುಳೆಗಳೆಷ್ಟೋ. ನಮ್ಮ ಮಕ್ಕಳು ಅದನ್ನೆಲ್ಲ ಮೊಬೈಲಿನಲ್ಲಿ ನೋಡಿದ್ದಾರೆ. ಆ ಚಿತ್ರಗಳನ್ನು ನೋಡಿ ಎದೆ ಉರಿಯದಿದ್ದರೆ ಅದೇ ಆಶ್ಚರ್ಯ. ಆದರೆ ಒಂದು ಸರ್ಕಾರದ ಮೇಲಿನ ಸಿಟ್ಟು ಒಂದು ಇಡೀ ಜನಾಂಗದ ಹೆಸರನ್ನೇ ಬೈಗುಳವಾಗಿ ಮಾಡಿಬಿಟ್ಟರೆ, ನಮ್ಮ ಹೆಸರನ್ನು ಬೈಗುಳವಾಗಿ ಬಳಸುವವರಿಗೆ ನಾವು ಯಾವ ಬಾಯಿಂದ ಉತ್ತರ ಹೇಳುವುದು? ಅಂದು ಸಂಜೆ ಮನೆಗೆ ಹೋದ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿ.ಎಡ್. ಓದುವಾಗ ಶಿಕ್ಷಣ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಒಂದೇ ಸಾಲಿನಲ್ಲಿ ಕಂಡಿದ್ದ ಒಬ್ಬ ಯಹೂದಿ ವಿದ್ವಾಂಸರ ಹೆಸರು ನೆನಪಿಗೆ ಬಂತು: ಮಾರ್ಟಿನ್ ಬೂಬರ್. ಅವರನ್ನು ಹುಡುಕಿಕೊಂಡು ಹೋದವನಿಗೆ ದಾರಿ ಸುತ್ತಿ ಬಳಸಿ ನಮ್ಮ ನಂದಿಬೆಟ್ಟಕ್ಕೂ ಗೌರಿಬಿದನೂರಿಗೂ ಬಂದು ಸೇರಿತು. ಅದನ್ನೇ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ನಮ್ಮ ಊರಿನ ಮಾತು. ಮಹಾತ್ಮ ಗಾಂಧಿಯವರು ಎರಡು ಸಲ ನಂದಿಬೆಟ್ಟದಲ್ಲಿ ತಂಗಿದ್ದರೆಂಬುದು ನಿಮಗೆಲ್ಲ ತಿಳಿದದ್ದೇ. 1927ರಲ್ಲಿ ಆರೋಗ್ಯ ಕೆಟ್ಟು, ಏಪ್ರಿಲ್ 20ರಿಂದ ಸುಮಾರು ಒಂದೂವರೆ ತಿಂಗಳು ಇಲ್ಲಿ ವಿಶ್ರಾಂತಿ ಪಡೆದರು. 1936ರ ಮೇ ತಿಂಗಳಲ್ಲಿ ಮತ್ತೆ ಬಂದರು. ಆಗ ಸರ್ದಾರ್ ಪಟೇಲರೂ ಜೊತೆಗಿದ್ದರು. ಎರಡು ವರ್ಷಗಳ ನಂತರ, 1938ರ ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಹಳ್ಳಿಯ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕಕ್ಕೆ ಸತ್ತವರು ಹತ್ತು ಜನ. ಜನರ ಲೆಕ್ಕ ಮೂವತ್ತನ್ನು ಮೀರಿತು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಅದನ್ನು ಕರೆಯುತ್ತಾರೆ. ಶಾಲಾ ಪ್ರವಾಸದಲ್ಲಿ ಅಲ್ಲಿನ ಸ್ಮಾರಕವನ್ನು ನೀವು ನೋಡಿರಬಹುದು.

ಗುಂಡೇಟಿನ ನಂತರ ಏನಾಯಿತು? ಸುದ್ದಿ ದೇಶದ ತುಂಬ ಹರಡಿತು. ಪತ್ರಿಕೆಗಳು ಬರೆದವು. ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದರು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರಿಗೂ ಪಟೇಲರಿಗೂ ಮಾತುಕತೆ ನಡೆದು, ಮೈಸೂರು ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ವಿಚಾರಣೆಯೂ ನಡೆಯಿತು. ಸತ್ತವರು ಸತ್ತರು, ಆದರೆ ಅವರು ಸತ್ತದ್ದನ್ನು ಕಂಡವರಿದ್ದರು, ಕೇಳಿದವರಿದ್ದರು, ಕೇಳಿ ನಾಚಿಕೆಪಟ್ಟ ಸರ್ಕಾರವೊಂದಿತ್ತು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅದೇ 1938ರ ಮಾರ್ಚ್ ತಿಂಗಳಲ್ಲಿ, ಅಂದರೆ ವಿದುರಾಶ್ವತ್ಥದ ಘಟನೆಗೆ ಸುಮಾರು ಒಂದು ತಿಂಗಳು ಮುಂಚೆ, ಅರವತ್ತು ವರ್ಷದ ಮಾರ್ಟಿನ್ ಬೂಬರ್ ಜರ್ಮನಿಯನ್ನು ಬಿಟ್ಟು ಬೈತುಲ್ ಮುಖದ್ದಸ್‌ಗೆ, ಅಂದರೆ ಜೆರುಸಲೇಮಿಗೆ, ಬಂದಿಳಿದರು.

ಯಾರು ಈ ಬೂಬರ್? 1878ರ ಫೆಬ್ರವರಿ 8ರಂದು ವಿಯೆನ್ನಾದಲ್ಲಿ ಹುಟ್ಟಿದರು. ಮೂರು ವರ್ಷದ ಮಗುವಾಗಿದ್ದಾಗ ತಂದೆ ತಾಯಿ ಬೇರೆಯಾದರು. ಈಗ ಉಕ್ರೇನಿನಲ್ಲಿರುವ ಲ್ವಿವ್ ನಗರದಲ್ಲಿ ಅಜ್ಜನ ಮನೆಯಲ್ಲಿ ಬೆಳೆದರು. ಅಜ್ಜ ಸಾಲೊಮನ್ ಬೂಬರ್ ಹೀಬ್ರೂ ಧರ್ಮಗ್ರಂಥಗಳ ದೊಡ್ಡ ವಿದ್ವಾಂಸರು. ಮನೆಯಲ್ಲೊಂದು ಭಾಷೆ, ಪ್ರಾರ್ಥನೆಗೆ ಒಂದು, ಶಾಲೆಯಲ್ಲಿ ಮತ್ತೊಂದು, ಬೀದಿಯಲ್ಲಿ ಇನ್ನೊಂದು. ಹೀಗೆ ಹಲವು ಭಾಷೆಗಳ ನಡುವೆ ಹುಡುಗ ಬೆಳೆದ. ಮನೆಯಲ್ಲಿ ದಖ್ಖನಿ, ಮದ್ರಸಾದಲ್ಲಿ ಅರಬ್ಬಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎಂದು ಬೆಳೆಯುವ ಚಿಂತಾಮಣಿಯ ಮಗುವಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೂಬರರಿಗಿಂತ ಹಿಂದೆ ಯುರೋಪಿನ ಯಹೂದಿಗಳ ಮುಂದೆ ಇದ್ದ ಪ್ರಶ್ನೆ ಏನೆಂಬುದನ್ನು ಒಂದಿಷ್ಟು ಹೇಳಬೇಕು. ಅದು ನಮಗೆ ಅಪರಿಚಿತ ಪ್ರಶ್ನೆಯಲ್ಲ. ಬರ್ಲಿನ್ನಿನಲ್ಲಿ ಮೋಸೆಸ್ ಮೆಂಡೆಲ್ಸೋನ್ (1729–1786) ಎಂಬ ತತ್ತ್ವಜ್ಞಾನಿ ಇದ್ದರು. ಆಧುನಿಕ ಯಹೂದಿ ಚಿಂತನೆ ಅವರಿಂದ ಆರಂಭವಾಗುತ್ತದೆಂದು ವಿದ್ವಾಂಸರು ಹೇಳುತ್ತಾರೆ. ತಮ್ಮ ಜನ ದೇಶದ ಭಾಷೆಯನ್ನು ಕಲಿಯಬೇಕು, ಹಾಗೆಂದು ದೀನನ್ನು ಬಿಡಬಾರದು ಎಂಬುದು ಅವರ ಹಂಬಲ. ಅದಕ್ಕಾಗಿ ಅವರು ಮಾಡಿದ ಉಪಾಯ ನೋಡಿ: ತೌರಾತನ್ನು ಶುದ್ಧ ಜರ್ಮನ್ ಭಾಷೆಗೆ ಅನುವಾದಿಸಿದರು, ಆದರೆ ಅದನ್ನು ಅಚ್ಚು ಹಾಕಿಸಿದ್ದು ಹೀಬ್ರೂ ಅಕ್ಷರಗಳಲ್ಲಿ. ಧರ್ಮಗ್ರಂಥ ಓದುತ್ತ ಓದುತ್ತ ಹುಡುಗರು ಜರ್ಮನ್ ಕಲಿತುಬಿಟ್ಟರು. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನ್ನಂಥವನಿಗೆ ಈ ಉಪಾಯದ ಮೇಲೆ ಸ್ವಲ್ಪ ಅಸೂಯೆಯೇ ಆಯಿತು. 1783ರಲ್ಲಿ ಅವರು ಬರೆದ 'ಜೆರುಸಲೇಂ' ಎಂಬ ಪುಸ್ತಕದ ವಾದವೂ ಇಂದಿಗೆ ಸಲ್ಲುವಂಥದು. ಸರ್ಕಾರ ಮನುಷ್ಯನ ನಡತೆಯನ್ನು ಕೇಳಬಹುದು, ಅವನ ನಂಬಿಕೆಯನ್ನು ಬಲವಂತದಿಂದ ಕೇಳುವಂತಿಲ್ಲ. ಧರ್ಮಗುರುವಿಗೂ ಅಂಥ ಬಲವಂತದ ಅಧಿಕಾರವಿಲ್ಲ.

ಆದರೆ ಭಾಷೆ ಕಲಿತರೂ, ಓದಿ ಡಾಕ್ಟರು ವಕೀಲರಾದರೂ, ಯಹೂದಿಗಳನ್ನು ತಮ್ಮವರೆಂದು ಒಪ್ಪಲು ಯುರೋಪ್ ಮನಸಾರೆ ಸಿದ್ಧವಿರಲಿಲ್ಲ. ಆಗ ಎರಡು ದಾರಿಗಳ ಮಾತು ಬಂತು. 1916ರಲ್ಲಿ, ಮೊದಲ ಮಹಾಯುದ್ಧದ ಮಧ್ಯೆ, ಇಬ್ಬರು ಯಹೂದಿ ವಿದ್ವಾಂಸರು ಪತ್ರಿಕೆಗಳಲ್ಲಿ ಬಹಿರಂಗವಾಗಿ ವಾದಿಸಿದರು. ಹಿರಿಯರಾದ ಹರ್ಮನ್ ಕೋಹೆನ್ (1842–1918) ಹೇಳಿದ್ದು: ನಾವು ಒಂದು ಧರ್ಮದವರು. ಎಲ್ಲ ದೇಶಗಳಲ್ಲೂ ಇದ್ದು ಏಕದೇವನ ಸಂದೇಶವನ್ನು ಸಾರುವುದು ನಮ್ಮ ಕೆಲಸ. ಪ್ರತ್ಯೇಕ ರಾಷ್ಟ್ರ ನಮಗೆ ಬೇಕಿಲ್ಲ, ಜರ್ಮನಿಯೇ ನಮ್ಮ ವತನ್. ಕಿರಿಯರಾದ ಬೂಬರ್ ಹೇಳಿದ್ದು: ನಾವು ಬರೀ ಧರ್ಮವಲ್ಲ, ಒಂದು ಜನಾಂಗವೂ ಹೌದು. ನಮ್ಮ ಧರ್ಮದಂತೆ ಒಟ್ಟಾಗಿ ಬಾಳಲು ಒಂದು ನೆಲ ಬೇಕು. ಆದರೆ ನನಗೆ ಬೇಕಿರುವುದು ಅಧಿಕಾರಕ್ಕಾಗಿ ಇನ್ನೊಂದು ರಾಜ್ಯವಲ್ಲ.

ಇದನ್ನು ಓದುವಾಗ ನಿಮಗೆ ಏನೋ ಕೇಳಿದಂತೆ ಅನ್ನಿಸಲಿಲ್ಲವೇ? 1938ರ ಆರಂಭದಲ್ಲಿ ದೇವಬಂದಿನ ಮೌಲಾನಾ ಹುಸೇನ್ ಅಹ್ಮದ್ ಮದನಿಯವರಿಗೂ ಅಲ್ಲಾಮಾ ಇಕ್ಬಾಲರಿಗೂ ನಡೆದ ವಾದವೂ ಬಹುಮಟ್ಟಿಗೆ ಇದೇ ಜಾತಿಯದು. ಈ ಕಾಲದಲ್ಲಿ ಕೌಮುಗಳು ವತನಿನಿಂದ ಆಗುತ್ತವೆ, ಆದ್ದರಿಂದ ಹಿಂದೂಸ್ತಾನದ ಎಲ್ಲ ಧರ್ಮದವರೂ ಸೇರಿ ಒಂದು ಕೌಮು ಎಂದರು ಮೌಲಾನಾ. ಮಿಲ್ಲತ್ತನ್ನು ನೆಲದ ಗಡಿಗೆ ಕಟ್ಟಿಹಾಕುವುದನ್ನು ಇಕ್ಬಾಲರು ಒಪ್ಪಲಿಲ್ಲ. 1929ರ ಜನವರಿಯಲ್ಲಿ ಬೆಂಗಳೂರು, ಮೈಸೂರುಗಳಿಗೆ ಬಂದು ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರ ಗೋರಿಯ ಮುಂದೆ ನಿಂತಿದ್ದ ಅದೇ ಇಕ್ಬಾಲರು 1938ರ ಏಪ್ರಿಲ್ 21ರಂದು ತೀರಿಕೊಂಡರು, ವಿದುರಾಶ್ವತ್ಥಕ್ಕೆ ನಾಲ್ಕೇ ದಿನ ಮುಂಚೆ. ಎರಡು ವಾದಗಳೂ ಒಂದೇ ಅಲ್ಲ, ಹೋಲಿಕೆಯನ್ನು ಎಳೆದು ಉದ್ದ ಮಾಡಬಾರದು. ಆದರೆ ಅಲ್ಪಸಂಖ್ಯಾತ ಸಮುದಾಯ ಎಲ್ಲೇ ಇರಲಿ, 'ನೀನು ಯಾರು? ಧರ್ಮವೋ, ಜನಾಂಗವೋ, ದೇಶದ ಪ್ರಜೆಯೋ?' ಎಂಬ ಪ್ರಶ್ನೆ ಅದರ ಮನೆಬಾಗಿಲಿಗೆ ಬಂದೇ ಬರುತ್ತದೆ.

ಬೂಬರರ ಹೆಸರು ಜಗತ್ತಿಗೆ ತಿಳಿದದ್ದು 1923ರಲ್ಲಿ ಪ್ರಕಟವಾದ 'ನಾನು ಮತ್ತು ನೀನು' ಎಂಬ ಅರ್ಥದ ಹೆಸರಿನ ಚಿಕ್ಕ ಜರ್ಮನ್ ಪುಸ್ತಕದಿಂದ. ಅದರ ತಿರುಳನ್ನು ನನಗೆ ತಿಳಿದಂತೆ ಹೇಳುವುದಾದರೆ: ಎದುರಿಗಿರುವವನನ್ನು ಮನುಷ್ಯ ಎರಡು ರೀತಿಯಲ್ಲಿ ಕಾಣಬಲ್ಲ. ಒಂದು 'ಅದು' ಎಂದು, ಬಳಸುವ ವಸ್ತುವಿನಂತೆ, ಲೆಕ್ಕದ ಒಂದು ಅಂಕಿಯಂತೆ. ಇನ್ನೊಂದು 'ನೀನು' ಎಂದು, ಪೂರ್ಣ ಮನಸ್ಸಿನಿಂದ ಮಾತಾಡಿಸುವ ಜೀವದಂತೆ. ಅಲ್ಲಾಹನನ್ನು ನಾವು ಎಂದೂ 'ಅದು' ಎನ್ನಲಾರೆವು. ಅವನು ಯಾವಾಗಲೂ 'ನೀನು' ಮಾತ್ರ. ಮನುಷ್ಯ ಮನುಷ್ಯನಿಗೆ 'ನೀನು' ಎನ್ನುವಲ್ಲೇ ಆ ಪರಮ 'ನೀನು' ಎಂಬುದರ ಸುಳಿವೂ ಇದೆ. ಉಪಾಧ್ಯಾಯರು ಇದನ್ನು ಓದಬೇಕು. ಹಾಜರಿ ಪುಸ್ತಕದಲ್ಲಿ ಮಗು ಒಂದು ನಂಬರು. ಅದನ್ನು ಹೆಸರು ಹಿಡಿದು ಕರೆದಾಗಲೇ ಪಾಠ ಶುರುವಾಗುವುದು.

ಈ ಮಾತನ್ನು ಅವರು ರಾಜಕೀಯಕ್ಕೂ ಅನ್ವಯಿಸಿದ್ದು ಅವರ ದೊಡ್ಡತನ. 1921ರ ಜಿಯಾನಿಸ್ಟ್ ಮಹಾಸಭೆಯಲ್ಲಿ ಬೂಬರ್ ಒಂದು ಠರಾವನ್ನು ಮುಂದಿಟ್ಟರು. ಪ್ಯಾಲೆಸ್ತೀನಿನಲ್ಲಿ ಅರಬರೊಡನೆ ಸಹೋದರರಂತೆ, ಸಮಾನರಾಗಿ ಬಾಳುವುದೇ ನಮ್ಮ ಗುರಿ ಎಂದು ಸಭೆ ಘೋಷಿಸಬೇಕೆಂಬುದು ಅದರ ಆಶಯ. ಸಮಿತಿಯವರು ಅದನ್ನು ತಿದ್ದಿ ತಿದ್ದಿ ಸಪ್ಪೆ ಮಾಡಿದರು. ತಮ್ಮ ಮಾತು ಕೈಬದಲಾಗಿ ಬಣ್ಣ ಕಳೆದುಕೊಂಡದ್ದನ್ನು ಕಂಡು ಅವರು ತೀವ್ರವಾಗಿ ನೊಂದರು. ಸಂಘ ಸಂಸ್ಥೆಗಳ ಸಭೆಯಲ್ಲಿ ಠರಾವು ಮಂಡಿಸಿದ ಅನುಭವವಿರುವ ನಮ್ಮ ಹಿರಿಯ ಸದಸ್ಯರು ಇಲ್ಲಿ ನಸುನಗಬಹುದು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಬೂಬರ್ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದ ಹುದ್ದೆಯನ್ನು ಬಿಟ್ಟರು. ಶಾಲೆ ಕಾಲೇಜುಗಳಿಂದ ಯಹೂದಿ ಮಕ್ಕಳನ್ನೂ ಉಪಾಧ್ಯಾಯರನ್ನೂ ಹೊರಗೆ ಹಾಕುತ್ತಿದ್ದ ಕಾಲದಲ್ಲಿ ಅವರು ತಮ್ಮ ಜನರ ವಯಸ್ಕರ ಶಿಕ್ಷಣದ ಹೊಣೆ ಹೊತ್ತು ಊರೂರು ತಿರುಗಿ ಪಾಠ ಹೇಳಿದರು. ಸಾರ್ವಜನಿಕವಾಗಿ ಭಾಷಣ ಮಾಡಬಾರದೆಂಬ ನಿಷೇಧವೂ ಬಂತು. ಆದರೂ ಐದು ವರ್ಷ ಅಲ್ಲೇ ಇದ್ದರು.

ಅವರು ಜೆರುಸಲೇಮಿಗೆ ಬಂದ ವರ್ಷದ ನವೆಂಬರ್ 9 ಮತ್ತು 10ರ ರಾತ್ರಿ ಜರ್ಮನಿಯಲ್ಲಿ ನಾಜಿಗಳು ಯಹೂದಿಗಳ ಪ್ರಾರ್ಥನಾ ಮಂದಿರಗಳನ್ನು ಸಾವಿರದ ಲೆಕ್ಕದಲ್ಲಿ ಹಾಳುಗೆಡವಿದರು, ಸುಟ್ಟರು. ಸುಮಾರು 7500 ಅಂಗಡಿಗಳನ್ನು ಒಡೆದರು. ಸುಮಾರು 30,000 ಗಂಡಸರನ್ನು ಹಿಡಿದು ಬಂಧನ ಶಿಬಿರಗಳಿಗೆ ಸಾಗಿಸಿದರು. ಹೆಪನ್‌ಹೈಮಿನಲ್ಲಿ ಬೂಬರ್ ಬಿಟ್ಟುಬಂದಿದ್ದ ಮನೆಯೂ ಲೂಟಿಯಾಯಿತು. ಅದೇ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸಭೆ ಸೇರಿ ನಿರಾಶ್ರಿತರ ಬಗ್ಗೆ ಮರುಕದ ಮಾತಾಡಿದ್ದವು. ಬಾಗಿಲು ತೆರೆದ ದೇಶಗಳು ತೀರಾ ಕಡಿಮೆ.

ಇಲ್ಲಿ ಒಂದು ಮಾತನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಯುರೋಪ್ ಬಾಗಿಲು ಮುಚ್ಚಿದ್ದಾಗ ನಮ್ಮ ಮೈಸೂರು ಸಂಸ್ಥಾನ ಒಂದು ಸಣ್ಣ ಬಾಗಿಲನ್ನು ತೆರೆಯಿತು. ನಾಜಿಗಳಿಂದ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸರ್ ಸಿ. ವಿ. ರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಕರೆಸಿಕೊಂಡರು. ಅವರು 1935–36ರಲ್ಲಿ ಆರು ತಿಂಗಳು ಇಲ್ಲಿದ್ದರು. ಅವರದೇ ಸೋದರ ಸಂಬಂಧದ, ಯಹೂದಿ ಮೂಲದ ಕುಟುಂಬದ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದರು. ಅವರನ್ನು ಕರೆಸಿಕೊಂಡವರು ದಿವಾನ್ ಮಿರ್ಜಾ ಇಸ್ಮಾಯಿಲ್. ಟಾಟಾ ಇನ್‌ಸ್ಟಿಟ್ಯೂಟಿನ ಸಭಾಂಗಣದಂಥ ಕಟ್ಟಡಗಳು ಅವರ ಕೈಚಳಕ. 1948ರವರೆಗೆ ಅವರು ಇಲ್ಲಿದ್ದು ನಂತರ ದೆಹಲಿಗೆ ಹೋದರು. ಒಬ್ಬ ಮುಸ್ಲಿಂ ದಿವಾನ, ಒಬ್ಬ ಹಿಂದೂ ಮಹಾರಾಜ, ಒಬ್ಬ ಯಹೂದಿ ನಿರಾಶ್ರಿತ. ಮಿರ್ಜಾ ಸಾಹೇಬರನ್ನು ಬರೀ ಉದ್ಯಾನಗಳಿಗಾಗಿ ನೆನೆಯುವ ನಾವು ಇದನ್ನೂ ನೆನೆಯಬೇಕು. ವಿದುರಾಶ್ವತ್ಥದ ಗುಂಡು ಹಾರಿದ್ದೂ ಅವರ ಆಡಳಿತದಲ್ಲೇ ಎಂಬುದನ್ನು ಮರೆಯದೆ ನೆನೆಯಬೇಕು.

ಮತ್ತೆ ಗಾಂಧೀಜಿಯ ಕಡೆಗೆ ಬರೋಣ. ಯಹೂದಿಗಳು ಅವರಿಗೆ ಅಪರಿಚಿತರಲ್ಲ. ದಕ್ಷಿಣ ಆಫ್ರಿಕಾದಲ್ಲಿ ಟಾಲ್‌ಸ್ಟಾಯ್ ಫಾರಂಗೆ ಜಮೀನು ಕೊಟ್ಟ ಹರ್ಮನ್ ಕ್ಯಾಲೆನ್‌ಬಾಕ್, ಜೊತೆಯಲ್ಲಿ ದುಡಿದ ಹೆನ್ರಿ ಪೋಲಾಕ್ ಇಬ್ಬರೂ ಯಹೂದಿಗಳೇ. ಜರ್ಮನಿಯ ಸುದ್ದಿ ಬಂದ ಮೇಲೆ ಎಲ್ಲರೂ ಅವರ ಅಭಿಪ್ರಾಯ ಕೇಳತೊಡಗಿದರು. 1938ರ ನವೆಂಬರ್ 26ರ 'ಹರಿಜನ' ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದರಲ್ಲಿ ಅವರು ಎರಡು ಮಾತು ಹೇಳಿದರು. ಒಂದು, ಪ್ಯಾಲೆಸ್ತೀನ್ ಅರಬರ ನಾಡು. ಬ್ರಿಟಿಷರ ಬಂದೂಕಿನ ಆಸರೆಯಲ್ಲಿ ಅಲ್ಲಿಗೆ ಹೋಗುವುದು ಸರಿಯಲ್ಲ, ಹೋಗುವವರು ಅರಬರ ಮನಸ್ಸನ್ನು ಗೆದ್ದು ಅವರ ಒಪ್ಪಿಗೆಯಿಂದ ಹೋಗಬೇಕು. ಎರಡು, ಜರ್ಮನಿಯ ಯಹೂದಿಗಳು ಅಲ್ಲೇ ನಿಂತು ಸತ್ಯಾಗ್ರಹ ಮಾಡಬೇಕು. ಸಾವು ಬಂದರೂ ನಗುತ್ತ ಎದುರಿಸಬೇಕು, ದಕ್ಷಿಣ ಆಫ್ರಿಕಾದ ಭಾರತೀಯರು ಮಾಡಿದ್ದು ಅದನ್ನೇ.

ಈ ಲೇಖನ ಬೂಬರರನ್ನು ತುಂಬ ನೋಯಿಸಿತು. ಬೇರೆ ಯಾರಾದರೂ ಬರೆದಿದ್ದರೆ ಅವರು ಸುಮ್ಮನಿರುತ್ತಿದ್ದರೇನೋ. ಗಾಂಧಿಯವರನ್ನು ಅವರು ಬಹಳ ಗೌರವದಿಂದ ಕಂಡವರು. 1930ರಲ್ಲೇ ಗಾಂಧಿ ಮತ್ತು ರಾಜಕೀಯದ ಬಗ್ಗೆ ಪ್ರಬಂಧ ಬರೆದಿದ್ದವರು. 1939ರ ಫೆಬ್ರವರಿ 24ರಂದು ಜೆರುಸಲೇಮಿನಿಂದ ಅವರು ಗಾಂಧಿಯವರಿಗೆ ದೀರ್ಘವಾದ ಪತ್ರವೊಂದನ್ನು ಬರೆದರು. ಬರೆಯುವಾಗ ನಡುನಡುವೆ ದಿನಗಟ್ಟಲೆ ನಿಲ್ಲಿಸಿ, ನಾನು ನನ್ನ ಜನರ ಮೇಲಿನ ಮೋಹದಿಂದ ತಪ್ಪು ಹೇಳುತ್ತಿಲ್ಲ ತಾನೆ ಎಂದು ತಮ್ಮನ್ನು ತಾವೇ ಪರೀಕ್ಷಿಸಿಕೊಂಡೆ ಎಂದು ಪತ್ರದಲ್ಲಿಯೇ ಹೇಳಿಕೊಂಡಿದ್ದಾರೆ. ಎರಡು ನಿಮಿಷದಲ್ಲಿ ಸಂದೇಶ ಟೈಪು ಮಾಡಿ ಹತ್ತು ಗ್ರೂಪಿಗೆ ಕಳಿಸುವ ನಾವು ಈ ಒಂದು ವಾಕ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಪತ್ರದ ವಾದವೇನು? ದಕ್ಷಿಣ ಆಫ್ರಿಕಾದ ಒಂದೂವರೆ ಲಕ್ಷ ಭಾರತೀಯರ ಬೆನ್ನ ಹಿಂದೆ ಇಪ್ಪತ್ತು ಕೋಟಿಗೂ ಹೆಚ್ಚು ಜನರಿದ್ದ ತಾಯ್ನಾಡಿತ್ತು. ಜರ್ಮನಿಯ ಯಹೂದಿಗಳ ಹಿಂದೆ ಯಾರಿದ್ದಾರೆ? ಬಂಧನ ಶಿಬಿರ ಎಂದರೆ ಏನೆಂದು ನಿಮಗೆ ಗೊತ್ತೇ ಮಹಾತ್ಮರೇ, ಎಂದು ಅವರು ಕೇಳುತ್ತಾರೆ. ಅಲ್ಲಿ ಮನುಷ್ಯ ಕಣ್ಮರೆಯಾಗುತ್ತಾನೆ. ಅವನು ಧೈರ್ಯದಿಂದ ಸತ್ತನೋ ಅಳುತ್ತ ಸತ್ತನೋ ನೋಡುವವರಿಲ್ಲ, ಬರೆಯುವವರಿಲ್ಲ. ಯಾರೂ ಕಾಣದ ಬಲಿದಾನ ಗಾಳಿಗೆ ತೂರಿದ ಬೂದಿಯಂತೆ. ಅಂಥ ಸಾವನ್ನು ಒಬ್ಬ ಮನುಷ್ಯ ತಾನಾಗಿ ಆರಿಸಿಕೊಳ್ಳಬಹುದು; ಅದನ್ನು ರಾಜಕೀಯದ ಮಾರ್ಗವೆಂದು ಇನ್ನೊಬ್ಬರಿಗೆ ಬೋಧಿಸಲು ಬರುವುದಿಲ್ಲ. ಎರಡು ದಿನಗಳ ನಂತರ ಹೀಬ್ರೂ ವಿಶ್ವವಿದ್ಯಾಲಯದ ಮುಖ್ಯಸ್ಥ ಜೂಡಾ ಮ್ಯಾಗ್ನೆಸ್ ಬರೆದ ಇನ್ನೊಂದು ಪತ್ರದಲ್ಲೂ ಇದೇ ಸಂಕಟವಿದೆ. ಮ್ಯಾಗ್ನೆಸ್ ಸ್ವತಃ ಅಹಿಂಸಾವಾದಿ. ರಾತ್ರೋರಾತ್ರಿ ಮನೆಯಿಂದ ಎಳೆದೊಯ್ದವನ ಸತ್ಯಾಗ್ರಹವನ್ನು ನೋಡುವವರು ಯಾರು ಎಂಬುದು ಅವರ ಪ್ರಶ್ನೆಯ ಸಾರ.

ಉರ್ದು ಮೇಷ್ಟ್ರಾದ ನನಗೆ ಇಲ್ಲಿ ಒಂದು ಪದ ಹೊಳೆಯಿತು: ಶಹಾದತ್. ನಮ್ಮಲ್ಲಿ ಅದಕ್ಕೆ ಎರಡು ಅರ್ಥ. ಸಾಕ್ಷಿ ಹೇಳುವುದೂ ಶಹಾದತ್, ಸತ್ಯಕ್ಕಾಗಿ ಪ್ರಾಣ ಕೊಡುವುದೂ ಶಹಾದತ್. ಗ್ರೀಕ್ ಭಾಷೆಯಲ್ಲೂ ಹುತಾತ್ಮ ಎಂಬುದರ ಮೂಲಪದಕ್ಕೆ ಸಾಕ್ಷಿ ಎಂಬುದೇ ಅರ್ಥ. ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮೊಹರಮ್ಮನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರ್ಬಲಾದ ಸುದ್ದಿಯನ್ನು ಜಗತ್ತಿಗೆ ತಂದವರು ಉಳಿದುಕೊಂಡ ಹೆಂಗಸರು. ಬೀಬಿ ಜೈನಬರು ದರ್ಬಾರಿನಲ್ಲಿ ನಿಂತು ಆಡಿದ ಮಾತಿಲ್ಲದಿದ್ದರೆ ಆ ಮರಳು ಆ ನೆತ್ತರನ್ನು ಕುಡಿದು ಸುಮ್ಮನಾಗುತ್ತಿತ್ತು. ವಿದುರಾಶ್ವತ್ಥದಲ್ಲಿ ಸತ್ತವರಿಗೂ ಸಾಕ್ಷಿಗಳಿದ್ದರು. ಜರ್ಮನಿಯ ಶಿಬಿರದಲ್ಲಿ ಸತ್ತವನಿಗೆ ಯಾರೂ ಇರಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಫಲ ಕೊಟ್ಟ ಮಾರ್ಗ ಅಲ್ಲಿ ಏಕೆ ಫಲ ಕೊಡಲಾರದು ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆಲ್ಲೂ ಸಿಗಲಿಲ್ಲ. ಮುಂದೆ ನಡೆದದ್ದು ನಿಮಗೆ ಗೊತ್ತು: 1945ರ ಹೊತ್ತಿಗೆ ನಾಜಿಗಳು ಕೊಂದ ಯಹೂದಿಗಳ ಸಂಖ್ಯೆ ಸುಮಾರು ಅರವತ್ತು ಲಕ್ಷ.

ನೆಲದ ವಿಷಯದಲ್ಲಿ ಬೂಬರ್ ಹೇಳಿದ್ದು ಬೇರೆ. ಭೂಮಿ ದೇವರದು, ಮನುಷ್ಯನಿಗೆ ಅದನ್ನು ಒಪ್ಪಿಸಲಾಗಿದೆ ಅಷ್ಟೆ. ಇದು ಮುಸಲ್ಮಾನರಿಗೆ ಹೊಸ ಮಾತಲ್ಲ. ಅರಬರ ಹಕ್ಕನ್ನು ಅವರು ಅಲ್ಲಗಳೆಯುವುದಿಲ್ಲ. ಇಲ್ಲಿ ಎರಡು ಹಕ್ಕುಗಳಿವೆ, ಎರಡನ್ನೂ ಅಳೆದು ಇದು ಹೆಚ್ಚು ಅದು ಕಡಿಮೆ ಎಂದು ತೀರ್ಪು ಕೊಡುವ ತಕ್ಕಡಿ ಮನುಷ್ಯನ ಕೈಯಲ್ಲಿಲ್ಲ, ಆದ್ದರಿಂದ ಎರಡನ್ನೂ ಹೊಂದಿಸುವ ದಾರಿ ಹುಡುಕಬೇಕು ಎನ್ನುತ್ತಾರೆ. ಹಿಂಸೆ ತಮಗೆ ಬೇಡ, ಆದರೆ ಕೆಡುಕು ಒಳಿತನ್ನು ನುಂಗುವಾಗ ಬೇರೆ ಯಾವ ದಾರಿಯೂ ಉಳಿಯದಿದ್ದರೆ ಬಲವನ್ನು ಬಳಸಿ ತಮ್ಮನ್ನು ದೇವರ ಕೈಗೆ ಒಪ್ಪಿಸಿಕೊಳ್ಳುವುದಾಗಿಯೂ ಹೇಳುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಜರ್ಮನಿಯ ವಿಷಯದಲ್ಲಿ ಬೂಬರರ ಮಾತು ಸರಿ, ಗಾಂಧೀಜಿ ಎಡವಿದರು. ಬ್ರಿಟಿಷರ ಬಂದೂಕಿನ ಮಾತಿನಲ್ಲಿ ಗಾಂಧೀಜಿ ಸರಿ. ಬೂಬರರ ಎರಡು ಹಕ್ಕುಗಳ ವಾದದಲ್ಲಿ, ಒಬ್ಬರು ತಲೆತಲಾಂತರದಿಂದ ಮನೆಯಲ್ಲಿರುವವರು, ಇನ್ನೊಬ್ಬರು ಸಾಮ್ರಾಜ್ಯವೊಂದರ ನೆರಳಿನಲ್ಲಿ ಒಳಬರುತ್ತಿರುವವರು ಎಂಬ ವ್ಯತ್ಯಾಸಕ್ಕೆ ಸಿಗಬೇಕಾದಷ್ಟು ತೂಕ ಸಿಕ್ಕಿಲ್ಲ. 1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಪ್ಯಾಲೆಸ್ತೀನಿನ ಖ್ಯಾತ ಲೇಖಕ ಎಡ್ವರ್ಡ್ ಸೈದ್ 1935ರಲ್ಲಿ ಹುಟ್ಟಿದ್ದು ಜೆರುಸಲೇಮಿನ ತಾಲ್ಬಿಯಾ ಬಡಾವಣೆಯಲ್ಲಿ. ಅರಬ್ ಕುಟುಂಬಗಳು ಬಿಟ್ಟುಹೋದ ಆ ತಾಲ್ಬಿಯಾದಲ್ಲೇ ಬೂಬರ್ ತಮ್ಮ ಕೊನೆಯ ವರ್ಷಗಳನ್ನು ಕಳೆದರು. ಒಳ್ಳೆಯವರ ಬಗ್ಗೆ ಬರೆಯುವಾಗ ಇಂಥದ್ದನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿದೆ. ಅದು ವಿದ್ಯಾರ್ಥಿಗಳಿಗೆ ಮಾಡುವ ಉಪಕಾರವಲ್ಲ.

ಗಾಂಧೀಜಿ ಏನು ಉತ್ತರಿಸಿದರು? ಅಮೆರಿಕದ ಯಹೂದಿ ಪತ್ರಿಕೆಯೊಂದರ ಸಂಪಾದಕರ ಟೀಕೆಗೆ ಅವರು 1939ರ ಮೇ ತಿಂಗಳಲ್ಲಿ 'ಹರಿಜನ'ದಲ್ಲಿ ಉತ್ತರ ಬರೆದರು. ಆದರೆ ಬೂಬರರ ಪತ್ರಕ್ಕೆ ಉತ್ತರ ಬರಲೇ ಇಲ್ಲ. ಪತ್ರ ಸೇಗಾಂವ್‌ಗೆ ತಲುಪಿಯೇ ಇರಲಿಕ್ಕಿಲ್ಲ ಎಂದು ವಿದ್ವಾಂಸರು ಊಹಿಸುತ್ತಾರೆ. ಜೆರುಸಲೇಮಿನಲ್ಲಿ ಅದೇ ವರ್ಷ ಎರಡೂ ಪತ್ರಗಳು ಪುಸ್ತಿಕೆಯಾಗಿ ಅಚ್ಚಾದವು. ಜಗತ್ತು ಓದಿತು.

ಬೂಬರ್ ಮಾತ್ರ ತಾವು ಹೇಳಿದ್ದನ್ನು ಬಿಡಲಿಲ್ಲ. 1942ರಲ್ಲಿ ಮ್ಯಾಗ್ನೆಸ್ ಮೊದಲಾದವರೊಡನೆ ಸೇರಿ 'ಇಹೂದ್' ಎಂಬ ಸಂಘ ಕಟ್ಟಿದರು. ಇಹೂದ್ ಎಂದರೆ ಒಗ್ಗಟ್ಟು. ನಮ್ಮ ಇತ್ತೆಹಾದ್, ವಹ್ದತ್ ಪದಗಳ ಬಳಗಕ್ಕೇ ಸೇರಿದ್ದು. ಅರಬರೂ ಯಹೂದಿಗಳೂ ಸಮಾನ ಹಕ್ಕಿನಿಂದ ಬಾಳುವ ಒಂದೇ ರಾಜ್ಯವಾಗಲಿ, ನಾಡನ್ನು ಒಡೆಯುವುದು ಬೇಡ ಎಂಬುದು ಅವರ ಬೇಡಿಕೆ. ತಮ್ಮವರಿಂದಲೇ ದ್ರೋಹಿಗಳೆನಿಸಿಕೊಂಡರು, ಅರಬರ ಕಡೆಯಿಂದಲೂ ಹೆಚ್ಚು ಜನ ಕೈಜೋಡಿಸಲಿಲ್ಲ. ಇಸ್ರೇಲ್ ಸ್ಥಾಪನೆಯಾದ ಮೇಲೆ ಅಲ್ಲಿ ಉಳಿದ ಅರಬರ ಮೇಲೆ ಹೇರಿದ ಮಿಲಿಟರಿ ಆಡಳಿತವನ್ನೂ ಅವರ ಜಮೀನು ಕಿತ್ತುಕೊಳ್ಳುವುದನ್ನೂ ವಿರೋಧಿಸಿ ಬರೆದರು, ಪ್ರಧಾನಿಗೆ ಪತ್ರಗಳನ್ನು ಕಳಿಸಿದರು. 1962ರಲ್ಲಿ ಲಕ್ಷಾಂತರ ಯಹೂದಿಗಳ ಸಾವಿಗೆ ಕಾರಣನಾದ ನಾಜಿ ಅಧಿಕಾರಿ ಐಕ್‌ಮನ್‌ಗೆ ಗಲ್ಲು ಬೇಡವೆಂದು ಕೇಳಿದವರಲ್ಲೂ ಅವರಿದ್ದರು.

ಈ ಬರಹಗಳನ್ನೆಲ್ಲ ಹುಡುಕಿ ಒಟ್ಟುಗೂಡಿಸಿದ ವಿದ್ವಾಂಸರ ಹೆಸರನ್ನೂ ಹೇಳಬೇಕು: ಪಾಲ್ ಮೆಂಡೆಸ್-ಫ್ಲೋರ್. ಆಧುನಿಕ ಯಹೂದಿ ಚಿಂತನೆಯ ಅಧ್ಯಯನಕ್ಕೇ ಬದುಕನ್ನು ಕೊಟ್ಟ ಅವರು ಅಮೆರಿಕದಲ್ಲಿ ಹುಟ್ಟಿ ಜೆರುಸಲೇಮಿನಲ್ಲಿ ನೆಲೆಸಿದವರು. ಯಹೂದಿಗಳು ಮತ್ತು ಅರಬರ ಕುರಿತು ಬೂಬರ್ ಬರೆದದ್ದನ್ನು 1983ರಲ್ಲಿ ಅವರು ಟಿಪ್ಪಣಿಗಳ ಸಮೇತ ಒಂದು ಸಂಪುಟವಾಗಿ ಹೊರತಂದರು. 'ಎರಡು ಜನಾಂಗಗಳ ಒಂದು ನಾಡು' ಎಂಬುದು ಅದರ ಹೆಸರಿನ ಅರ್ಥ. 2019ರಲ್ಲಿ ಬೂಬರರ ಜೀವನ ಚರಿತ್ರೆಯನ್ನು ಬರೆದರು. 2024ರಲ್ಲಿ, ಗಾಜಾದ ಯುದ್ಧ ನಡೆಯುತ್ತಿರುವಾಗಲೇ, ತೀರಿಕೊಂಡರು. ತನ್ನ ಸಮುದಾಯ ಮರೆಯಲು ಬಯಸುವ ಮಾತುಗಳನ್ನು ಜೋಪಾನವಾಗಿ ಕಾಪಾಡುವುದೂ ಶಹಾದತ್ತಿನ ಒಂದು ಬಗೆ ಎಂದು ನನಗನಿಸುತ್ತದೆ. ಗ್ರಂಥದವರೆಲ್ಲ ಒಂದೇ ಸಮನಲ್ಲ ಎಂದು ಸೂರಃ ಆಲೆ ಇಮ್ರಾನ್‌ನಲ್ಲಿ ಬಂದಿರುವುದನ್ನು ನಾವು ಓದುತ್ತೇವೆ. ಅದರ ಅರ್ಥ ನನಗೆ ಇಷ್ಟು ಹತ್ತಿರದಿಂದ ತಿಳಿದದ್ದು ಇವರಿಬ್ಬರ ಕತೆಯಿಂದ.

ಬೂಬರ್ 1965ರ ಜೂನ್ 13ರಂದು ಜೆರುಸಲೇಮಿನಲ್ಲಿ ನಿಧನರಾದರು. ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅರಬ್ ವಿದ್ಯಾರ್ಥಿಗಳ ಸಂಘದವರು ಬಂದು ಅವರ ಶವಪೆಟ್ಟಿಗೆಯ ಮೇಲೆ ಹೂಮಾಲೆ ಇಟ್ಟರು.

ಇದನ್ನು ತರಗತಿಯಲ್ಲಿ ಹೇಳಿದಾಗ, ಪೆನ್ನಿಗಾಗಿ ಬೈದಿದ್ದ ಅದೇ ಹುಡುಗ ಎದ್ದು ನಿಂತು, 'ಆ ಕಾಗದ ನಮ್ಮ ಗಾಂಧೀಜಿಗೆ ಸಿಕ್ಕಿದ್ರೆ ಏನಂತಿದ್ರು ಸರ್?' ಎಂದು ಕೇಳಿದ. ನಾನು ಅದನ್ನೇ ಮನೆಗೆಲಸವಾಗಿ ಕೊಟ್ಟೆ: ಗಾಂಧೀಜಿಯವರ ಪರವಾಗಿ ಬೂಬರ್ ಅವರಿಗೆ ಒಂದು ಪುಟದ ಉತ್ತರ, ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ. ಮೂವತ್ತೊಂದು ಉತ್ತರಗಳು ಬಂದವು. ಎರಡರಲ್ಲಿ ಮೊದಲ ಸಾಲೇ ತಡವಾಗಿ ಬರೆಯುತ್ತಿರುವುದಕ್ಕೆ ಮಾಫಿ ಕೇಳಿತ್ತು. ಮೂಲ ಪತ್ರದ ಇಂಗ್ಲಿಷ್ ಪಾಠ ನಾನು ಹೇಳಿದ ಸಂಪುಟದಲ್ಲಿದೆ. ಅದನ್ನು ಕನ್ನಡಕ್ಕೆ ತರುವ ಉತ್ಸಾಹವುಳ್ಳ ಪದವಿ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಸಂಘದ ಕಚೇರಿಯಲ್ಲಿ ಹೆಸರು ತಿಳಿಸಿ. ಭಾನುವಾರಗಳಲ್ಲಿ ಒಟ್ಟಿಗೆ ಕುಳಿತು ಓದೋಣ.